‘ಕಣ್ಮರೆ’ ಅಂತ ಬರೆಯಬೇಡ

ಡೊಂಬಿವಲಿ

ಪ್ರೀತಿಯ ತಂಗಿ,

ಕಾತ್ಕರಿ ಬುಡಕಟ್ಟಿನವರ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಕರ್ಜತ್ ಲೋಕಲ್ ರೈಲು ಹತ್ತಿ ಅವರ ವಾಡಿಗೇ, ಆ ಪುಟ್ಟ ಕೇರಿಗೇ, ಹೋಗಿ ನೋಡಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಮೊದಲ ಪುಟದಲ್ಲೇ ‘ಕಣ್ಮರೆಯಾಗುತ್ತಿದೆ’ ಮೂರು ಸಲ, ‘ನಶಿಸುತ್ತಿದೆ’ ಎರಡು ಸಲ ಬಂದಿದೆ. ಈ ಕ್ರಿಯಾಪದಗಳಿಗೆ ಮಾಡಿದವರೇ ಇಲ್ಲ. ಓದುವವರು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ಯಾರು ನಿಲ್ಲಿಸಿದರು, ಯಾವ ಕಾಗದ ತೋರಿಸಿ ನಿಲ್ಲಿಸಿದರು, ಆಮೇಲೆ ಆ ಕೈಗಳು ಯಾವ ಕೆಲಸಕ್ಕೆ ಹೋದವು? ಅದನ್ನು ಬರೆ.

ಕೆಲಸದಿಂದಲೇ ಶುರುಮಾಡು. ಹೆಸರಲ್ಲೇ ಇದೆಯಲ್ಲ, ಕಾತ್ ಅಂದರೆ ನಮ್ಮ ವೀಳ್ಯದ ಕಾಚು. ಮರಾಠಿಯವರ ಖೈರ್ ನಮ್ಮ ಕಡೆಯ ಕಗ್ಗಲಿ. ತೊಗಟೆಯನ್ನೂ ಅದರೊಳಗಿನ ಬಿಳಿ ಮರವನ್ನೂ ಕೆತ್ತಿ ಬಿಸಾಕಿ ನಡುವಿನ ಕೆಂಪು ಚೇಗನ್ನು ಮಾತ್ರ ಇಟ್ಟುಕೊಳ್ಳಬೇಕು. ಎಳೆ ಮರದಲ್ಲಿ ಚೇಗು ಕಡಿಮೆ, ಕಡಿದ ಶ್ರಮ ದಂಡ; ಆದ್ದರಿಂದ ಬಲಿತ ಮರ ಗುರುತಿಸುವುದೇ ಮೊದಲ ವಿದ್ಯೆ. ಚೇಗನ್ನು ತೆಳ್ಳಗೆ ಚಕ್ಕೆ ಎಬ್ಬಿಸಿ ಮಣ್ಣಿನ ಮಡಕೆಯಲ್ಲಿ ಕುದಿಸುತ್ತಾರೆ. ಚಕ್ಕೆ ದಪ್ಪವಾದರೆ ರಸ ಒಳಗೇ ಉಳಿಯುತ್ತದೆ. ಕಬ್ಬಿಣದ ಪಾತ್ರೆ ಸಲ್ಲದು, ಕಾಚಿನ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಸೋಸಿದ ರಸವನ್ನು ಮತ್ತೆ ಕಾಯಿಸಿ, ಪಾಕದ ಹಾಗೆ ಮಂದವಾದ ಮೇಲೆ ಇಳಿಸಿ, ಆರಿ ಗಟ್ಟಿಯಾದಾಗ ತುಂಡು ಮಾಡಿ ಒಣಗಿಸುವುದು. ಇಷ್ಟಕ್ಕೂ ನಿನ್ನ ಲೇಖನದಲ್ಲಿ ಸಿಕ್ಕಿದ್ದು ಒಂದು ಸಾಲು. ಇಲಿ ತಿನ್ನುವುದಕ್ಕೆ ಮಾತ್ರ ಎರಡು ಪ್ಯಾರಾ! ಪೇಟೆಯಿಂದ ಹೋದವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಕೊಯ್ಲಾದ ಗದ್ದೆಯ ಬದುವಿನಲ್ಲಿ ಸಿಗುವ ಊಟ ಅದು, ಒಂದು ಸಾಲು ಸಾಕು.

ಈಗ ಕಾಗದ. 1878ರ ಅರಣ್ಯ ಕಾಯ್ದೆ ಕಾಡನ್ನು ಕಾಯ್ದಿಟ್ಟದ್ದು, ರಕ್ಷಿತ ಅಂತೆಲ್ಲ ವಿಂಗಡಿಸಿತು. ಖೈರ್ ಕಡಿಯುವುದಕ್ಕೆ ಕಟ್ಟುಪಾಡು ಬಂದಮೇಲೆ ಕಾಚಿನ ಒಲೆ ಆರಿತು. ಮರದ ಗುರುತು ಬಲ್ಲ ಕೈ ಇದ್ದಿಲು ಸುಡಲು ಹೋಯಿತು, ಆಮೇಲೆ ವೀಟ್‌ಭಟ್ಟಿಗೆ, ಅಂದರೆ ಇಟ್ಟಿಗೆ ಗೂಡಿಗೆ. ನಮ್ಮ ಕಟ್ಟಡಗಳ ಇಟ್ಟಿಗೆ ಅಲ್ಲಿಂದಲೂ ಬರುತ್ತದೆ ಅನ್ನುವುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಸುಳಿವು ಕೊಟ್ಟರೆ ಸಾಕು.

ಭಟ್ಟಿಯ ‘ಹಿಸಾಬು’ ಮಾತ್ರ ಬಿಡಿಸಿಯೇ ಬರೆ. ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ತೀರಿದಾಗ ಕೈಗೆ ಬರುವ ಮುಂಗಡ ‘ಉಚಲ್’. ದೀಪಾವಳಿ ಮುಗಿದಮೇಲೆ ಸಂಸಾರ ಸಮೇತ ಹೊರಡುತ್ತಾರೆ. ವಾರವಾರ ಊಟಕ್ಕೆ ಸಿಗುವುದು ‘ಖರ್ಚಿ’. ಕೂಲಿ ಸಾವಿರ ಇಟ್ಟಿಗೆಗೆ ಇಂತಿಷ್ಟು. ಮಣ್ಣು ಕಲಸುವವರು, ಅಚ್ಚು ಹಾಕುವವರು, ಹಸಿ ಇಟ್ಟಿಗೆ ಮಗುಚುವ ಮಕ್ಕಳು ಎಲ್ಲ ಸೇರಿ ಒಂದೇ ಲೆಕ್ಕ. ಮಳೆಗೆ ಮುಂಚೆ ಒಟ್ಟು ಕೂಲಿಯಲ್ಲಿ ಉಚಲ್ ಮತ್ತು ಖರ್ಚಿ ಕಳೆಯುತ್ತಾರೆ. ಅಕಾಲ ಮಳೆಗೆ ಹಸಿ ಇಟ್ಟಿಗೆ ಕರಗಿದರೆ ಆ ನಷ್ಟ ಎಷ್ಟೋ ಕಡೆ ಕೂಲಿಯವರ ತಲೆಗೇ. ಕಳೆದು ಬಾಕಿ ಉಳಿದರೆ ಅದು ಮುಂದಿನ ವರ್ಷದ ಸಾಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಮುಂಗಡದ ಕಟ್ಟನ್ನೂ ಜೀತವೆಂದೇ ಎಣಿಸುತ್ತದೆ. ನೀನು ‘ವಲಸೆ’ ಅಂದು ಸುಮ್ಮನಾಗಿದ್ದೀಯ.

ಇನ್ನೊಂದು ತಪ್ಪು ದೊಡ್ಡದು. ಫೆಬ್ರವರಿಯಲ್ಲಿ ಹೋಗಿ, ಬೀಗ ಬಿದ್ದ ಗುಡಿಸಲು ನೋಡಿ ‘ಅಳಿದ ಊರು’ ಅಂತ ಬರೆದೆ. ಅವರು ಅಳಿದಿಲ್ಲ ಮಾರಾಯ್ತಿ, ಭಟ್ಟಿಯಲ್ಲಿದ್ದಾರೆ! ಮಳೆಗಾಲದಲ್ಲಿ ಹೋಗು, ಗಣಪತಿ ಹಬ್ಬದ ಸುತ್ತಮುತ್ತ. ವಾಡಿ ತುಂಬಿರುತ್ತದೆ, ಉಚಲ್ ಮಾತುಕತೆಯೂ ಕಿವಿಗೆ ಬೀಳುತ್ತದೆ.

ಹೋಗುವ ಮೊದಲು ಆ ಜಾಗದ ಸಾತ್-ಬಾರಾ ತೆಗೆಸು. ನಮ್ಮ ಪಹಣಿ ಇದ್ದಹಾಗೆ: 7ನೇ ನಮೂನೆಯಲ್ಲಿ ಮಾಲೀಕರು ಮತ್ತು ‘ಇತರ ಹಕ್ಕು’, 12ರಲ್ಲಿ ಬೆಳೆ. ಎಷ್ಟೋ ವಾಡಿಗಳು ಗಾವ್‌ಠಾಣದೊಳಗೆ, ಅಂದರೆ ದಾಖಲೆಯ ಊರಿನ ವಾಸದ ಜಾಗದೊಳಗೆ, ಇಲ್ಲ. ತಲೆಮಾರುಗಳಿಂದ ಮನೆಯಿದ್ದರೂ ಉತಾರೆಯಲ್ಲಿ, ಅಂದರೆ ಈ ಸಾತ್-ಬಾರಾ ಪ್ರತಿಯಲ್ಲಿ, ಬೇರೆಯವರ ಹೆಸರು. ಫಾರ್ಮ್‌ಹೌಸ್ ಕಾಲ ಬಂದು ಭೂಮಿಗೆ ಬೆಲೆ ಏರಿದಾಗ ಮೊದಲು ಬೇಲಿ ಬರುತ್ತದೆ, ಆಮೇಲೆ ದಾರಿ ಮುಚ್ಚುತ್ತದೆ. ಆದಿವಾಸಿ ಜಮೀನು ಬೇರೆಯವರಿಗೆ ಹೋಗದಂತೆ ತಡೆಯುವ ಭೂಕಂದಾಯ ಸಂಹಿತೆಯ 36-ಎ ಕಲಮು ಇದೆ ನಿಜ. ಉತಾರೆಯಲ್ಲಿ ಹೆಸರೇ ಏರದವರಿಗೆ ಅದರಿಂದೇನು?

ದಾಖಲೆ ಹುಡುಕುವಾಗ ‘ಕಾಥೋಡಿ’ ಅಂತಲೂ ನೋಡು, ಸರ್ಕಾರಿ ಪಟ್ಟಿಯಲ್ಲಿ ಎರಡೂ ರೂಪ ಇವೆ. ಸೋನ್, ಢೋರ್ ಎಂಬ ಒಳಪಂಗಡಗಳನ್ನು ಕಲಸಬೇಡ. ‘ಆದಿಮ’ ತೆಗೆದುಬಿಡು, ಮಹಾರಾಷ್ಟ್ರದಲ್ಲಿ ವಿಶೇಷವಾಗಿ ದುರ್ಬಲ ಎಂದು ಗುರುತಿಸಿರುವ ಮೂರು ಬುಡಕಟ್ಟುಗಳಲ್ಲಿ ಇದೊಂದು, ಕೊಲಾಮ್ ಮತ್ತು ಮಾಡಿಯಾ ಗೊಂಡ ಇನ್ನೆರಡು ಅಂದರೆ ಆಯಿತು.

ತಿದ್ದಿದ ಪ್ರತಿ ಗಣಪತಿ ಕಳೆದಮೇಲೆ ಕಳಿಸು, ಅವಸರವಿಲ್ಲ. ಕಾಚಿನ ಭಾಗ ಉದ್ದವಾದರೂ ಕತ್ತರಿಸಬೇಡ. ಪುಟ ಸಾಲದಿದ್ದರೆ ಸೂರ್ಯಾಸ್ತದ ವರ್ಣನೆ ತೆಗೆ.

ನಿನ್ನ ಅಕ್ಕ