ಖರ್ಚಾಗದ ರೋಸಿನ್

ಭಾವಾ,

ಎಂತ ಮಾರಾಯ, ಬದುಕಿದ್ದೀಯಾ? ಬೆಂಗಳೂರಿಗೆ ಹೋದ ಮೇಲೆ ನಿನ್ನ ಫೋನಿಗೆ ಎರಡೇ ಕೆಲಸ. ಚಾರ್ಜ್ ಆಗುವುದು, ಚಾರ್ಜ್ ಮುಗಿಯುವುದು. ಹಾಗಾಗಿ ಪತ್ರ. ಎಲ್ಲರೂ ಓದುವ ಕಡೆ ಯಾಕೆ ಹಾಕಿದ್ದು ಅಂತ ಕೇಳಬೇಡ. ನಿನಗೊಬ್ಬನಿಗೇ ಕಳಿಸಿದರೆ ಎರಡು ನೀಲಿ ಗೀಟು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಇಲ್ಲಿ ಹಾಕಿದರೆ ನಿನ್ನ ಅತ್ತೆ ಓದುತ್ತಾರೆ, ಓದಿ ನಿನಗೆ ಫೋನ್ ಮಾಡುತ್ತಾರೆ. (ಅತ್ತೆ, ನಮಸ್ಕಾರ. ಮಾವನ ಬೆನ್ನುನೋವು ಹೇಗುಂಟು?)

ಊರಿನ ಸುದ್ದಿ ಅಂದರೆ ಮಳೆ. ತೋಟಕ್ಕೆ ಎರಡನೇ ಮದ್ದು ಬಿಡಿಸಬೇಕು. ಮೈಲುತುತ್ತು, ಸುಣ್ಣ ಎರಡೂ ಜಗಲಿಯಲ್ಲಿ ನೆಂಟರ ಹಾಗೆ ಕೂತಿವೆ, ಬಿಸಿಲು ಮಾತ್ರ ಬರುವುದಿಲ್ಲ. ಅಪ್ಪ ದಿನಾ ಆಕಾಶ ನೋಡಿ ಬೈಯುತ್ತಾರೆ. ಬೆಕ್ಕು ಮತ್ತೆ ಅಲ್ಲೇ ಮರಿ ಹಾಕಿದೆ, ಎಲ್ಲಿ ಅಂತ ನಿನಗೆ ಗೊತ್ತು. ನಿನ್ನ ಹದಿನೇಳು ರೂಪಾಯಿ ನನ್ನ ಹತ್ತಿರ ಭದ್ರವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ವಾರ ಯೂನಿವರ್ಸಿಟಿಯಲ್ಲಿ ನಮ್ಮ ಕ್ವಾರ್ಟೆಟ್‌ನ ಕಾರ್ಯಕ್ರಮ ಆಯಿತು. ಫೋಟೋ ನೋಡಿ ನೀನು ಕಳಿಸಿದ ಆ ಒಂದು ಕೋತಿಯ ಚಿತ್ರಕ್ಕೆ ಧನ್ಯವಾದ.

ನಾಲ್ಕು ಜನ ನಾವು. ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲ್ಲೋ (ಕಾಲಿನ ನಡುವೆ ಇಟ್ಟು ನುಡಿಸುವ ದೊಡ್ಡದು). ಮೊದಲ ವಯಲಿನ್ ಕೋಟ್ಟಯಂ ಕಡೆಯ ಹುಡುಗಿ. ಚರ್ಚಿನ ಕ್ವಯರ್‌ನಲ್ಲಿ ಬೆಳೆದವಳು, ಟ್ರಿನಿಟಿ ಸಂಗೀತ ಪರೀಕ್ಷೆಯ ಎಂಟನೇ ಗ್ರೇಡ್ ಪಾಸಾದವಳು. ಎರಡನೇ ವಯಲಿನ್ ತ್ರಿಶೂರಿನವನು. ಚೆಲ್ಲೋದವನು ಗೋವಾ. ವಯೋಲಾ ನಾನು. ನನ್ನನ್ನು ಸೇರಿಸಿಕೊಂಡದ್ದು ಪ್ರತಿಭೆ ನೋಡಿ ಅಲ್ಲ. ಹಾಸ್ಟೆಲಿನಲ್ಲಿ ಬೇರೆ ಯಾರೂ ಸಿಗಲಿಲ್ಲ. "ನಿನಗೆ ಪಿಟೀಲು ಬರುತ್ತದಲ್ಲ, ಇದೂ ಅದೇ, ಸ್ವಲ್ಪ ದೊಡ್ಡದು" ಅಂದರು.

ಅದೇ ಅಲ್ಲ ಮಾರಾಯ. ಹತ್ತು ವರ್ಷ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಗಾಲಿನ ಮೇಲೆ ಊರಿ ನುಡಿಸಿದವನು ನಾನು. ಈಗ ಕುರ್ಚಿ. ಗಲ್ಲದಡಿ ಸಿಕ್ಕಿಸಿ, ಎಡಗೈ ಗಾಳಿಯಲ್ಲಿ. ಅರ್ಧ ಗಂಟೆಗೆ ಹೆಗಲು ಅಡಿಕೆ ಚೀಲ ಹೊತ್ತ ಹಾಗೆ ಆಗುತ್ತದೆ. ಪಿಟೀಲಿನ ಮೇಲಿನ ಸಣ್ಣ ತಂತಿ ಇದರಲ್ಲಿ ಇಲ್ಲ. ಬದಲಿಗೆ ಕೆಳಗೆ ಸಿ ಅಂತ ಒಂದು ದಪ್ಪ ತಂತಿ ಉಂಟು. ನಾನು ನುಡಿಸಿದರೆ ಗುಡ್ಡೆಯಲ್ಲಿ ಹಲಸಿನಹಣ್ಣು ಬಿದ್ದ ಹಾಗೆ ಕೇಳುತ್ತದೆ. ಬರಹವೂ ಬೇರೆ. ವಯೋಲಾದವರಿಗೆ ಐದು ಗೆರೆಯಲ್ಲಿ ಸರೀ ನಡುವಿನ ಗೆರೆಯೇ 'ನಡು ಸಿ' ಅನ್ನುವ ಸ್ವರ. ವಯಲಿನ್‌ನವರು ಓದುವ ರೀತಿ ಬೇರೆ, ಚೆಲ್ಲೋದವನದ್ದು ಮತ್ತೂ ಬೇರೆ. ಒಂದೇ ಸಂಗೀತಕ್ಕೆ ಮೂರು ಲಿಪಿ ಇದ್ದ ಹಾಗೆ. ಕಾಸರಗೋಡಿನ ಬಸ್ಸಿನ ಬೋರ್ಡ್ ಓದಿ ಬೆಳೆದವನಿಗೆ ಅದೊಂದು ಕಷ್ಟ ಆಗಲಿಲ್ಲ.

ಮತ್ತೆ ಮಳೆ. ಜೂನ್ ಬಂತೆಂದರೆ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ಕಚ್ಚಿಕೊಳ್ಳುತ್ತವೆ, ತಿರುಗಿಸಲು ಆಗುವುದಿಲ್ಲ. ಅಂಟು ಸಡಿಲಾಗಿ ಅಂಚು ಬಾಯಿ ಬಿಡುತ್ತದೆ. ಅಪ್ಪನ ಸಲಹೆ: ಅಟ್ಟದಲ್ಲಿ ಅಡಿಕೆಯ ಹತ್ತಿರ ಇಡು, ಹೊಗೆ ತಾಗಿದರೆ ಗಟ್ಟಿ ಆಗುತ್ತದೆ.

ನುಡಿಸಿದ್ದು ಜೋಸೆಫ್ ಹೈಡನ್ ಅಂತ ಆಸ್ಟ್ರಿಯಾದ ಸಂಗೀತಗಾರನ ಕೃತಿ. ಹೀಗೆ ನಾಲ್ಕು ಜನ ನುಡಿಸುವ ಕೃತಿಗೂ ಕ್ವಾರ್ಟೆಟ್ ಅಂತಲೇ ಹೆಸರು, ಮನುಷ್ಯ ಅಂಥ 68 ಬರೆದಿದ್ದಾನೆ. ನಾವು ಹಿಡಿದದ್ದು 1797ರಲ್ಲಿ ಬರೆದ 'ಎಂಪರರ್'. ಅದರ ಎರಡನೇ ಭಾಗದ ಮಟ್ಟು ನಿನಗೂ ಗೊತ್ತು. ಫುಟ್ಬಾಲಿನಲ್ಲಿ ಜರ್ಮನಿಯವರು ಸಾಲಾಗಿ ನಿಂತು ಹಾಡುತ್ತಾರಲ್ಲ, ಅದೇ. ಆಗ ಅದು ವಿಯೆನ್ನಾದಲ್ಲಿದ್ದ ಚಕ್ರವರ್ತಿಗೆ ಮಾಡಿದ ಹಾಡು. ಹೈಡನ್ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನವರು ತಮ್ಮ ರಾಜನ ಹಾಡು ಹಾಡುವುದನ್ನು ಕೇಳಿದನಂತೆ. ನಮ್ಮ ಚಕ್ರವರ್ತಿಗೂ ಇಂಥದ್ದು ಒಂದು ಬೇಕು ಅಂತ ಅವನಿಗೆ ಆಸೆ ಆಯಿತು. ತಮಾಷೆ ಎಂತ ಗೊತ್ತಾ? ಆ ಲಂಡನ್ ಹಾಡಿನ ಮಟ್ಟಿಗೇ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಹಾಕಿದ್ದು. ನಾವು ಟೀಚರ ಜಗಲಿಯಲ್ಲಿ ಮೂಗು ಸೋರಿಸಿಕೊಂಡು ಹಾಡುತ್ತಿದ್ದ 'ಸಂತತಂ ಪಾಹಿಮಾಂ'! ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದವರು ಅವರ ತಮ್ಮ ಬಾಲುಸ್ವಾಮಿ ಅಂತ ಟೀಚರು ಹೇಳುತ್ತಿದ್ದರು, ನೆನಪುಂಟಾ? ಇದನ್ನೆಲ್ಲ ರಿಹರ್ಸಲ್‌ನಲ್ಲಿ ಹೇಳಿದೆ. ಕೋಟ್ಟಯಂನವಳು "ಹೌದಾ" ಅಂತ ಹೇಳಿ ತಾಳ ಹೊಡೆಯುವ ಮೆಟ್ರೊನೋಮ್ ಆನ್ ಮಾಡಿದಳು.

ಆ ಎರಡನೇ ಭಾಗದಲ್ಲಿ ಮಟ್ಟು ಬದಲಾಗುವುದಿಲ್ಲ, ಕೈ ಬದಲಾಗುತ್ತದೆ. ಮೊದಲು ಒಂದನೇ ವಯಲಿನ್. ಮತ್ತೆ ಎರಡನೆಯದು, ಆಗ ನನಗೂ ಚೆಲ್ಲೋಗೂ ರಜೆ. ಆಮೇಲೆ ಚೆಲ್ಲೋ. ಅದಾದ ಮೇಲೆ ವಯೋಲಾ. ಇಡೀ ಸಂಜೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದು. ನುಡಿಸಿದೆ. ಚೆನ್ನಾಗಿಯೇ ಬಂತು. ಒಂದು ಕಡೆ ಬೆರಳು ತನ್ನಷ್ಟಕ್ಕೆ ಜಾರಿತು. ಮಟ್ಟು ನಮ್ಮ ಶಂಕರಾಭರಣ ರಾಗದ ಹಾಗೆಯೇ, ಅದರ ಗಾಂಧಾರ ಸ್ವರ ಕಂಡ ಕೂಡಲೇ ಅದಕ್ಕೆ ತಡೆಯಲು ಆಗಲಿಲ್ಲ. ಕೋಟ್ಟಯಂನವಳ ಹುಬ್ಬು ಮೇಲೆ ಹೋದದ್ದು ನನಗೆ ಕಂಡಿತು. ಹೈಡನ್ ಕ್ಷಮಿಸಲಿ, ಜರ್ಮನಿಯೂ ಕ್ಷಮಿಸಲಿ.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ಪತ್ರ ಆಗುತ್ತಿತ್ತು.

ಕೊನೆಯ ಭಾಗ ಪ್ರೆಸ್ಟೋ. ಅಂದರೆ ಓಟ. ಕ್ವಾರ್ಟೆಟ್‌ಗೆ ಕೋಲು ಬೀಸುವವರು ಯಾರೂ ಇರುವುದಿಲ್ಲ, ತೊಡೆಯ ಮೇಲೆ ತಾಳವೂ ಇಲ್ಲ. ಮೊದಲ ವಯಲಿನ್‌ನವಳು ಮೂಗಿನಲ್ಲಿ ಸರ್ರನೆ ಉಸಿರು ಎಳೆಯುತ್ತಾಳೆ. ಆ ಉಸಿರಿನಲ್ಲೇ ವೇಗ ಎಷ್ಟು, ಜೋರು ಎಷ್ಟು ಎಲ್ಲ ಉಂಟು. ನಾಲ್ಕೂ ಜನ ಅದರ ಮೇಲೆ ಒಟ್ಟಿಗೆ ಹಾರಬೇಕು. ನಾನು ಹಾರಿದೆ. ಸ್ವಲ್ಪ ದೂರ ಹೋದೆ. ಪುಟ ತಿರುಗಿಸುವಾಗ ಬೆವರಿಗೆ ಎರಡು ಹಾಳೆ ಅಂಟಿಕೊಂಡವು. ಬಿಡಿಸುವಷ್ಟರಲ್ಲಿ ಆ ಮೂರು ಜನ ಎಲ್ಲಿಗೋ ಮುಟ್ಟಿದ್ದರು.

ಆಗ ಎಂತ ಮಾಡಿದೆ ಗೊತ್ತಾ? ನುಡಿಸಲಿಲ್ಲ. ಕಮಾನನ್ನು ತಂತಿಯಿಂದ ಒಂದು ಕೂದಲೆಳೆ ಮೇಲೆ ಎತ್ತಿ ಹಿಡಿದೆ. ತ್ರಿಶೂರಿನವನ ಕೈ ಮೇಲೆ ಹೋದರೆ ನನ್ನ ಕೈಯೂ ಮೇಲೆ, ಕೆಳಗೆ ಬಂದರೆ ಕೆಳಗೆ. ಎಡಗೈಯ ಬೆರಳುಗಳೂ ಓಡಾಡಿದವು. ಮುಖದಲ್ಲಿ ಭಾವ ಬೇರೆ! ಎಷ್ಟು ಬಾರ್ (ನಮ್ಮ ಆವರ್ತದ ಹಾಗೆ) ಹಾಗೆ ಹೋಯಿತೋ ಗೊತ್ತಿಲ್ಲ. ಇಪ್ಪತ್ತು ಇರಬಹುದು, ನಲ್ವತ್ತೂ ಇರಬಹುದು. ಕೊನೆಯ ನಾಲ್ಕು ಹೊಡೆತಕ್ಕೆ ಸೇರಿಕೊಂಡೆ, ಜೋರಾಗಿ. ಚಪ್ಪಾಳೆ ಬಿತ್ತು. ಎದ್ದು ನಿಂತು ತಲೆ ಬಾಗಿಸಿದೆ.

ಅಮ್ಮ ಬಂದಿದ್ದಳು. ಚಂದ್ರಗಿರಿ ಹೊಳೆ ದಾಟಿದರೆ ಅವಳಿಗೆ ಪರದೇಶ, ಆದರೂ ಎರಡು ಬಸ್ಸು ಹಿಡಿದು ಬಂದಿದ್ದಳು. ಮುಗಿದ ಮೇಲೆ ಹತ್ತಿರ ಬಂದು, "ಅಕೇರಿಗೆ ಬಾರ್ಸಿದ್ದು ಲಾಯ್ಕ ಆಯಿದು ಮಗಾ. ಎನಗೆ ನಿನ್ನದೇ ಕೇಳಿದ್ದು" ಅಂದಳು.

ಕೇಳಿದೆಯಾ ಭಾವಾ? ಕೊನೆಗೆ ಬಾರಿಸಿದ್ದು ಚೆನ್ನಾಗಿತ್ತಂತೆ, ನನ್ನದೇ ಕೇಳಿದ್ದಂತೆ.

ಚೆಲ್ಲೋದವನಿಗೆ ಗೊತ್ತಾಗಿದೆ. ಪೆಟ್ಟಿಗೆ ಮುಚ್ಚುವಾಗ ಪಾಪ ಏನೂ ಹೇಳಲಿಲ್ಲ. ಕಮಾನಿಗೆ ಉಜ್ಜುವ, ನುಡಿಸಿದಷ್ಟೂ ಪುಡಿಯಾಗಿ ಸವೆಯುವ ನನ್ನ ರೋಸಿನ್ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ನಿನಗೆ ಇದು ಖರ್ಚೇ ಆಗುವುದಿಲ್ಲ ಅಲ್ವಾ?" ಅಂದ. ನಗಲೂ ಇಲ್ಲ. ಮೊಜಾರ್ಟ್ ಸಹ ಗೆಳೆಯರ ಜೊತೆ ಕ್ವಾರ್ಟೆಟ್ ಕೂತಾಗ ವಯೋಲಾ ಹಿಡಿಯುತ್ತಿದ್ದ ಅಂತ ಸೇರಿದ ಹೊಸದರಲ್ಲಿ ನನಗೆ ಧೈರ್ಯ ಹೇಳಿದವನೂ ಅವನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಟೀಚರು ಹೇಳುತ್ತಿದ್ದರಲ್ಲ, ಪಕ್ಕವಾದ್ಯ ಅಂದರೆ ನೆರಳು, ಹಾಡುವವರ ಹಿಂದೆಯೇ ಇರಬೇಕು, ಮುಂದೆ ಕಾಲಿಡಬಾರದು ಅಂತ. ನಾನು ಅದನ್ನು ಬಹಳ ಚೆನ್ನಾಗಿ ಕಲಿತೆ. ಜಾಸ್ತಿಯೇ ಕಲಿತೆ. ಹಾಡುವವರು ಬಿಟ್ಟದ್ದನ್ನು ಅರ್ಧ ಕ್ಷಣ ತಡವಾಗಿ ಹಿಡಿಯುವುದು ನನಗೆ ಬರುತ್ತದೆ. ಎದುರಿಗೆ ಹಿಡಿಯಲು ಯಾರೂ ಇಲ್ಲದಿದ್ದರೆ ಕಮಾನು ಮೇಲೆ ಹೋಗುತ್ತದೆ. ಟೀಚರ ತಪ್ಪಲ್ಲ. ಅವರು ನೆರಳು ಅಂದದ್ದು, ಮಾಯ ಆಗು ಅನ್ನಲಿಲ್ಲ. (ನಡುವಿನ ದನಿ, ಗಡಿನಾಡು, ಯಾರಿಗೂ ಕೇಳದವರು ಅಂತ ಇಲ್ಲಿ ಒಂದು ಚಂದದ ಸಾಲು ಬರೆದು ಅಳಿಸಿದೆ. ನವೆಂಬರ್ ಒಂದರ ಭಾಷಣಕ್ಕೆ ಇರಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಯಾರೋ ಒಬ್ಬರಿಗೆ ಬೇಕಾಗುತ್ತಲೇ ಉಂಟು.)

ನಿದ್ದೆ ಬಾರದ್ದು ಪ್ರೆಸ್ಟೋದಿಂದ ಅಲ್ಲ. ಕಮಾನು ಎತ್ತಿದ ಆ ಕೈಗೆ ಅದು ಹೊಸದಾಗಿರಲಿಲ್ಲ.

ಒಂಬತ್ತನೇ ಕ್ಲಾಸು. ನವರಾತ್ರಿ. ನಮ್ಮ ದೇವಸ್ಥಾನ. ನೀನು ಕಲ್ಯಾಣಿ ರಾಗ ಹಾಡುತ್ತಿದ್ದೆ. ಸ್ವರ ಹಾಕುತ್ತಾ ಹಾಕುತ್ತಾ ಎಡುಪು, ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗ, ತಪ್ಪಿತು. ನೀನು ನನ್ನ ಕಡೆ ನೋಡಿದೆ. ನನಗೂ ಗೊತ್ತಿರಲಿಲ್ಲ ಭಾವಾ, ಆದರೆ ಹಿಡಿಯಬಹುದಿತ್ತು. ಷಡ್ಜವನ್ನಾದರೂ ಎಳೆದು ಹಿಡಿದಿದ್ದರೆ ನೀನು ಅದಕ್ಕೆ ಆತು ನಿಲ್ಲುತ್ತಿದ್ದೆ. ನಾನು ಕಮಾನು ಎತ್ತಿದೆ. ಎತ್ತಿ ನುಡಿಸುತ್ತಾ ಇದ್ದೆ. ಹೊರಗೆ ಜನರೇಟರಿನ ಸದ್ದು, ಊಟದ ಪಂಕ್ತಿಯ ಗಲಾಟೆ. ನಿನಗೆ ನನ್ನ ಕೈ ಓಡುವುದು ಕಾಣುತ್ತದೆ, ದನಿ ಬರುವುದಿಲ್ಲ. ನೀನು ಮೈಕಿನ ಅಣ್ಣನಿಗೆ ಸನ್ನೆ ಮಾಡಿದೆ. ಅವರು ಓಡಿ ಬಂದು ವಯರು ಎಳೆದರು. ಅಧ್ಯಕ್ಷರು ಎಲ್ಲರೆದುರು ಅವರಿಗೆ ಬೈದರು. ಅಲ್ಲಿಂದ ಇಲ್ಲಿಯವರೆಗೆ ನಮಗೆ ಯಾವುದು ಕೈಕೊಟ್ಟರೂ "ಮೈಕ್ ಹೋಯ್ತು". ನಿನ್ನ ಗಣಿತದ ಮಾರ್ಕು ಬಂದಾಗಲೂ ಮೈಕ್ ಹೋಯ್ತು, ನನ್ನ ಆ ಕುಂಬಳೆಯ ಪ್ರಕರಣದಲ್ಲೂ ಮೈಕ್ ಹೋಯ್ತು.

ಮೈಕ್ ಹೋಗಿರಲಿಲ್ಲ.

ಅದರ ನಂತರ ನೀನು ಕಚೇರಿ ಹಾಡಲಿಲ್ಲ. ಟೆನ್ತ್ ಇತ್ತು, ಪ್ಲಸ್ ಟು ಇತ್ತು, ಎಂಟ್ರೆನ್ಸ್ ಇತ್ತು. ಅದೇ ಕಾರಣ. ಅದೇ ಕಾರಣ ಅಂತ ನೀನು ಹೇಳಿದೆ, ನಾನು ಇನ್ನೊಮ್ಮೆ ಕೇಳಲಿಲ್ಲ.

ಇಷ್ಟು ಬರೆಯಬೇಕು ಅಂತ ಕೂತದ್ದಲ್ಲ. ಫೋಟೋದ ಬಗ್ಗೆ ನಾಲ್ಕು ಜೋಕು ಬರೆದು, ಹೈಡನ್‌ನ ಹೆಸರಲ್ಲಿ ಸ್ವಲ್ಪ ದೊಡ್ಡಸ್ತಿಕೆ ತೋರಿಸಿ ಮುಗಿಸುವ ಅಂದಾಜಿತ್ತು. ಕರೆಂಟ್ ಇಲ್ಲ, ಮಳೆ ಬಿಡುವುದಿಲ್ಲ, ಎದುರಿಗೆ ಹಪ್ಪಳದ ಡಬ್ಬಿ. ಇಂಥ ಹೊತ್ತಿನಲ್ಲಿ ಮನುಷ್ಯ ಒಂದೋ ತಿನ್ನುತ್ತಾನೆ, ಇಲ್ಲಾ ಒಪ್ಪಿಕೊಳ್ಳುತ್ತಾನೆ. ನಾನು ಎರಡೂ ಮಾಡಿದೆ, ಡಬ್ಬಿ ಖಾಲಿ.

ಮೊನ್ನೆ ಬದಿಯಡ್ಕ ಪೇಟೆಯಲ್ಲಿ ಮೈಕಿನ ಅಣ್ಣ ಸಿಕ್ಕಿದರು. ನನ್ನ ಹೆಗಲಲ್ಲಿ ಪೆಟ್ಟಿಗೆ ನೋಡಿ, "ಇನ್ನೂ ಬಾರಿಸ್ತೀಯಾ? ಆ ವರ್ಷ ನನ್ನ ವಯರಿನಿಂದ ನಿಮ್ಮ ಮರ್ಯಾದೆ ಹೋಯ್ತು ಮಾರಾಯ. ಮರುದಿನವೇ ಬದಲಿಸಿದೆ, ಹೊಸದೇ ಹಾಕಿದೆ" ಅಂದರು. ನಾನು "ಪರವಾಗಿಲ್ಲ ಅಣ್ಣ" ಅಂದೆ. ಭಾವಾ, ನಾನು ಪರವಾಗಿಲ್ಲ ಅಂದೆ! ಆ ಹದಿನೇಳು ರೂಪಾಯಿ ಅವರಿಗೇ ಸೇರಬೇಕು ಅಂತ ನನಗೆ ಕಾಣುತ್ತದೆ. ಉಳಿದದ್ದಕ್ಕೆ ಗೋಳಿಬಜೆ.

ಚೌತಿಗೆ ಬರುತ್ತೀಯಲ್ಲ? ಬಂದರೆ ಜಗಲಿಯಲ್ಲಿ ಕೂತು ಕಲ್ಯಾಣಿ ಹಾಡು, ಸುಮ್ನೆ. ನಾನು ನುಡಿಸುತ್ತೇನೆ. ನಿನಗೆ ಸಂಶಯ ಬಂದರೆ ಬಗ್ಗಿ ತಂತಿಯ ಮೇಲೆ ರೋಸಿನ್ ಪುಡಿ ಬಿದ್ದಿದೆಯಾ ನೋಡಿಕೋ.

ಬರುವಾಗ ವಯೋಲಾದ ಸಿ ತಂತಿ ಒಂದು ತಾ, ಇಲ್ಲಿ ಸಿಗುವುದಿಲ್ಲ. ಅಂಗಡಿಯವನು ಪಿಟೀಲಿನದ್ದು ಕೊಟ್ಟು ಇದೂ ಅದೇ ಅಂದರೆ ನಂಬಬೇಡ.

ಇಂತಿ,
ನಿನ್ನ ಪಕ್ಕವಾದ್ಯ

ಅತ್ತೆ, ಇದನ್ನು ಓದಿ ಅವನಿಗೆ ಫೋನ್ ಮಾಡಬೇಡಿ. ಎರಡು ದಿನ ಬಿಡಿ.