ಚಂದ್ರ ಹುಟ್ಟಿದ ಬಗೆ: ಚಳ್ಳಕೆರೆಯ ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ತಿಪ್ಪೇಶ,

ನಿಮ್ಮೂರ ಶಾಲೆ ಮಕ್ಕಳಿಗೆ ಚಂದ್ರ ಹುಟ್ಟಿದ್ದು ಹೇಗೆ ಅಂತ ಹೇಳಬೇಕು, ಪುರಾಣ ವಿಜ್ಞಾನ ಎರಡನ್ನೂ ಸೇರಿಸಿ ಮಾತಾಡುತ್ತೇನೆ ಅಂತ ಬರೆದಿದ್ದೀಯ. ಎರಡನ್ನೂ ಹೇಳು, ಆದರೆ ಸೇರಿಸಬೇಡ. 'ಸಮುದ್ರ ಮಥನ ಅಂದರೆ ಚಂದ್ರನ ಮೇಲಿದ್ದ ಲಾವಾ ಸಾಗರವೇ, ನಮ್ಮ ಋಷಿಗಳಿಗೆ ಆಗಲೇ ಗೊತ್ತಿತ್ತು' ಅನ್ನೋ ವಾಟ್ಸಾಪ್ ಸಂದೇಶ ನಿನಗೂ ಬಂದಿರುತ್ತದೆ. ಅದನ್ನು ಮಾತ್ರ ಮಕ್ಕಳ ಮುಂದೆ ಹೇಳಬೇಡ ಕಣಪ್ಪಾ. ಹಾಗೆ ಗಂಟು ಹಾಕಿದರೆ ಎರಡಕ್ಕೂ ಅನ್ಯಾಯ.

ನಮ್ಮ ಪರಂಪರೆಯಲ್ಲಿ ಚಂದ್ರನ ಹುಟ್ಟಿಗೆ ಒಂದೇ ಕಥೆ ಇಲ್ಲ. ಋಗ್ವೇದದ ಪುರುಷಸೂಕ್ತದಲ್ಲಿ ಅವನು ವಿರಾಟ್ ಪುರುಷನ ಮನಸ್ಸಿನಿಂದ ಹುಟ್ಟಿದವನು. ಮಹಾಭಾರತದ ಆದಿಪರ್ವದಲ್ಲಿ ಕಡಲು ಕಡೆದಾಗ ಎದ್ದು ಬಂದವನು. ಭಾಗವತದ ಒಂಬತ್ತನೇ ಸ್ಕಂಧದಲ್ಲಿ ಅತ್ರಿ ಋಷಿಯ ಕಣ್ಣಿನಿಂದ ಹುಟ್ಟಿ ಚಂದ್ರವಂಶಕ್ಕೆ ಮೂಲನಾದವನು. ಈ ಎಲ್ಲವನ್ನೂ ಜನ ಒಟ್ಟಿಗೇ ಉಳಿಸಿಕೊಂಡು ಬಂದರು, ಒಂದಕ್ಕಾಗಿ ಇನ್ನೊಂದನ್ನು ಅಳಿಸಲಿಲ್ಲ. ಚಂದ್ರನಿಗೂ ಮನಸ್ಸಿಗೂ ಏನು ನಂಟು, ದೊರೆಗಳ ವಂಶ ಎಲ್ಲಿಂದ ಶುರು ಅಂತ ಕೇಳಿದವರಿಗೆ ಬೇರೆ ಬೇರೆ ಕಥೆಗಳು ಉತ್ತರ ಕೊಟ್ಟವು. ಕಲ್ಲು ಯಾವುದರಿಂದ ಆಯಿತು ಅಂತ ಅಲ್ಲಿ ಯಾರೂ ಕೇಳಿರಲಿಲ್ಲ.

ಒಂದು ಕಡೆ ಮಾತ್ರ ಲೆಕ್ಕ ನಿಜಕ್ಕೂ ಕೂಡುತ್ತದೆ. ದಕ್ಷನ 27 ಹೆಣ್ಣುಮಕ್ಕಳು, ಅಂದರೆ 27 ನಕ್ಷತ್ರಗಳು, ಚಂದ್ರನ ಹೆಂಡಿರು. ನಕ್ಷತ್ರಗಳ ನಡುವೆ ಚಂದ್ರ ಒಂದು ಸುತ್ತು ಬರಲು ಹಿಡಿಯುವುದು 27.3 ದಿನ. ರಾತ್ರಿ ರಾತ್ರಿ ಆಕಾಶ ನೋಡಿ ಎಣಿಸಿದವರ ಲೆಕ್ಕ ಅದು. ಇದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳು.

ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ಬೈಬಲ್ಲಿನ ಆದಿಕಾಂಡದಲ್ಲಿ ದೇವರು ಚಂದ್ರನನ್ನು ಮಾಡಿದ್ದು ನಾಲ್ಕನೇ ದಿನ. ಕುರಾನಿನ ಹತ್ತನೇ ಅಧ್ಯಾಯದಲ್ಲಿ, ವರ್ಷಗಳ ಲೆಕ್ಕ ತಿಳಿಯಲಿ ಎಂದು ದೇವರು ಚಂದ್ರನಿಗೆ ಹಂತಗಳನ್ನು ಗೊತ್ತುಮಾಡಿದ. ಜೈನರಲ್ಲಿ ಲೋಕಕ್ಕೆ ಆದಿಯೇ ಇಲ್ಲ, ಹಾಗಾಗಿ ಚಂದ್ರನಿಗೆ ಹುಟ್ಟೂ ಇಲ್ಲ.

ವಿಜ್ಞಾನದ ದಾರಿ ಬೇರೆ. ಅಲ್ಲಿ ಸೋತ ಕಥೆಯನ್ನು ಬಿಟ್ಟುಬಿಡುತ್ತಾರೆ. 1879ರ ಹೊತ್ತಿಗೆ ಖಗೋಳ ವಿಜ್ಞಾನಿ ಜಾರ್ಜ್ ಡಾರ್ವಿನ್, ಬಿರುಸಾಗಿ ತಿರುಗುತ್ತಿದ್ದ ಭೂಮಿಯಿಂದಲೇ ಚಂದ್ರ ಸಿಡಿದುಹೋದ ಎಂದ. ಅಷ್ಟು ಬಿರುಸಿಗೆ ಬೇಕಾದ ಕೋನೀಯ ಸಂವೇಗ, ಅಂದರೆ ತಿರುಗಾಟದ ಒಟ್ಟು ಮೊತ್ತ, ಇಂದಿನ ಭೂಮಿ–ಚಂದ್ರರ ಲೆಕ್ಕದಲ್ಲಿ ಸಿಗಲಿಲ್ಲ. ಎಲ್ಲಿಂದಲೋ ಬಂದವನನ್ನು ಭೂಮಿ ಸೆಳೆದುಕೊಂಡಿತು ಅಂದರೆ, ಹಾದುಹೋಗುವವನ ವೇಗ ತಗ್ಗಿಸಿದ್ದು ಯಾವುದು? ಇಬ್ಬರೂ ಅಕ್ಕಪಕ್ಕ ಒಟ್ಟಿಗೇ ಹುಟ್ಟಿದರು ಅಂದರೆ, ಕಬ್ಬಿಣ ಎಲ್ಲಿ ಹೋಯಿತು? ಭೂಮಿಯ ತೂಕದಲ್ಲಿ ನೂರಕ್ಕೆ ಸುಮಾರು 32 ಪಾಲು ಕಬ್ಬಿಣದ ತಿರುಳು, ಚಂದ್ರನಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಸಾಂದ್ರತೆ ಘನ ಸೆಂ.ಮೀ.ಗೆ ಭೂಮಿಯದು 5.51 ಗ್ರಾಂ, ಚಂದ್ರನದು 3.34 ಗ್ರಾಂ.

ಅಮೆರಿಕದ ಅಪೊಲೊ ಯಾತ್ರೆಗಳು 1969ರಿಂದ 1972ರೊಳಗೆ ಚಂದ್ರನಿಂದ 382 ಕಿಲೊ ಕಲ್ಲುಮಣ್ಣು ತಂದ ಮೇಲೆ, 1975ರಲ್ಲಿ ವಿಜ್ಞಾನಿಗಳಾದ ಹಾರ್ಟ್‌ಮನ್ ಮತ್ತು ಡೇವಿಸ್ ಡಿಕ್ಕಿಯ ವಿಚಾರ ಮುಂದಿಟ್ಟರು. ಸುಮಾರು 450 ಕೋಟಿ ವರ್ಷಗಳ ಹಿಂದೆ, ಮಂಗಳದಷ್ಟು ದೊಡ್ಡ ಕಾಯವೊಂದು ಎಳೆಯ ಭೂಮಿಗೆ ಓರೆಯಾಗಿ ಬಡಿಯಿತು. ಅದಕ್ಕೆ ಥಿಯಾ ಎಂದು ಹೆಸರಿಟ್ಟಿದ್ದಾರೆ. ಥಿಯಾದ ಕಬ್ಬಿಣ ಭೂಮಿಯ ತಿರುಳಿಗೆ ಇಳಿಯಿತು, ಕಲ್ಲಿನ ಭಾಗ ಕರಗಿ ಆವಿಯಾಗಿ ಭೂಮಿಯ ಸುತ್ತ ತಟ್ಟೆಯಾಯಿತು. ಭೂಕೇಂದ್ರದಿಂದ ಸುಮಾರು 18,500 ಕಿ.ಮೀ. ಒಳಗಿದ್ದದ್ದನ್ನು ಭೂಮಿಯ ಸೆಳೆತ ಗುಡ್ಡೆಯಾಗಲು ಬಿಡುವುದಿಲ್ಲ. ಅದರಾಚೆ ಇದ್ದದ್ದು ಒಟ್ಟುಗೂಡಿ ಚಂದ್ರನಾಯಿತು.

ಇದರಲ್ಲೂ ತೊಡಕಿದೆ, ಮುಚ್ಚಿಡಬೇಡ. ಕಂಪ್ಯೂಟರಿನಲ್ಲಿ ಈ ಡಿಕ್ಕಿ ಮಾಡಿಸಿದರೆ ಸಾಮಾನ್ಯವಾಗಿ ಚಂದ್ರನ ಹೆಚ್ಚು ಪಾಲು ಥಿಯಾದ್ದಾಗುತ್ತದೆ. ಆದರೆ ಚಂದ್ರನ ಕಲ್ಲಿನ ಆಮ್ಲಜನಕದ ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣ ಭೂಮಿಯದಕ್ಕೆ ಹೆಚ್ಚುಕಡಿಮೆ ಅಚ್ಚೊತ್ತಿದ ಹಾಗಿದೆ. ಡಿಕ್ಕಿ ಇನ್ನೂ ಬಲವಾಗಿತ್ತೆ, ಎರಡೂ ಪೂರ್ತಿ ಬೆರೆತವೆ, ಥಿಯಾ ಭೂಮಿಯಂಥದ್ದೇ ಆಗಿತ್ತೆ ಎಂಬ ವಾದ ಇನ್ನೂ ನಡೆದಿದೆ.

ಹೊಸ ಚಂದ್ರನ ಮೇಲೆ ನೂರಾರು ಕಿ.ಮೀ. ಆಳದ ಕರಗಿದ ಕಲ್ಲು. ತಣಿಯುವಾಗ ತೂಕದ ಆಲಿವಿನ್, ಪೈರಾಕ್ಸೀನ್ ಹರಳುಗಳು ಮೊದಲು ತಳಕ್ಕಿಳಿದವು. ಮುಕ್ಕಾಲು ಪಾಲು ಗಟ್ಟಿಯಾದ ಮೇಲೆ ಹಗುರವಾದ ಪ್ಲೇಜಿಯೊಕ್ಲೇಸ್ ಹರಳು ಹುಟ್ಟಿ ಹಾಲಿನ ಕೆನೆಯ ಹಾಗೆ ತೇಲಿತು. ಆ ಪದರವೇ ಅನಾರ್ಥೊಸೈಟ್ ಎಂಬ ಬಿಳಿಗಲ್ಲು, ಹುಣ್ಣಿಮೆಯಲ್ಲಿ ಬೆಳ್ಳಗೆ ಕಾಣುವ ಭಾಗ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆ 23 ಜಾಗದಲ್ಲಿ ಮಣ್ಣು ಅಳೆದು ಇದೇ ಜಾತಿಯ ಕಲ್ಲಿನ ಗುರುತು ಕಂಡಿತು. ಅಪೊಲೊ ಇಳಿದದ್ದು ನಡುಭಾಗದ ಸುತ್ತ. ಅಷ್ಟು ದೂರದಲ್ಲೂ ಅದೇ ಕಲ್ಲು ಸಿಕ್ಕಿದ್ದರಿಂದ, ಕರಗಿದ ಸಾಗರ ಇಡೀ ಚಂದ್ರನನ್ನು ಆವರಿಸಿತ್ತು ಎಂಬುದಕ್ಕೆ ಬಲ ಬಂತು. ಇಳಿಯುವ ಸಂವೇದಕಗಳ ಪರೀಕ್ಷೆಗೆ ಇಸ್ರೋ ಚಂದ್ರನ ಕುಳಿಗಳ ಮಾದರಿ ತೋಡಿದ್ದು ನಿಮ್ಮ ಉಳ್ಳಾರ್ತಿ ಕಾವಲಿನಲ್ಲಿ, ಅದನ್ನು ಮರೆಯದೆ ಹೇಳು.

ಚಂದ್ರನ ಕಪ್ಪು ಕಲೆ ಬಸಾಲ್ಟ್, ಹಳೆಯ ಲಾವಾ ತಗ್ಗುಗಳಲ್ಲಿ ತುಂಬಿ ಹೆಪ್ಪುಗಟ್ಟಿದ್ದು. ಅದರ ನೆಂಟ ನಿಮ್ಮ ಜಿಲ್ಲೆಯಲ್ಲೇ ಇದೆ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಬಸಾಲ್ಟ್ ಲಾವಾ ದಿಂಬು ಪೇರಿಸಿದ ಹಾಗೆ ನಿಂತಿದೆ. ನೀರಿನೊಳಗೆ ಉಕ್ಕಿದ್ದರಿಂದ ಹೊರಮೈ ತಕ್ಷಣ ಗಟ್ಟಿಯಾಗಿ ಆ ಆಕಾರ ಬಂತು. ಚಂದ್ರನ ಮೇಲೆ ನೀರಿರಲಿಲ್ಲ, ಲಾವಾ ಹಾಸಿನಂತೆ ಹರಡಿಕೊಂಡಿತು. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸು, ಕಲ್ಲು ಮಾತ್ರ ಒಡೆಯಲು ಬಿಡಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಲೆಕ್ಕದಲ್ಲಿ ಎಡವುವ ಒಂದು ಜಾಗ ಇದೆ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಯಾರಾದರೂ ಜಾಣ ಹುಡುಗಿ 3,84,400 ಕಿ.ಮೀ.ಯನ್ನು ಅದರಿಂದ ಭಾಗಿಸಿದರೆ ಸುಮಾರು 1000 ಕೋಟಿ ವರ್ಷ ಬಂದು, ಭೂಮಿಗಿಂತ ಚಂದ್ರನೇ ಹಿರಿಯ ಅಂತಾಗುತ್ತದೆ. ಸರಿಯುವ ವೇಗ ಯಾವಾಗಲೂ ಒಂದೇ ಅಲ್ಲ. ಅದು ಚಂದ್ರ ಎಷ್ಟು ಹತ್ತಿರ ಇದ್ದಾನೆ, ಕಡಲುಗಳು ಹೇಗೆ ಹರಡಿವೆ ಎಂಬುದರ ಮೇಲೆ ನಿಂತಿದೆ. ವಯಸ್ಸು ತೆಗೆಯಲು ಕಲ್ಲಿನೊಳಗಿನ ವಿಕಿರಣ ಧಾತುಗಳು ಎಷ್ಟು ಕ್ಷಯಿಸಿವೆ ಎಂಬ ಲೆಕ್ಕವೇ ಬೇಕು.

'ಹಾಗಾದರೆ ಪುರಾಣ ಸುಳ್ಳಾ ಸರ್?' ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೈಯಬೇಡ, ನಗಬೇಡ. ಕಲ್ಲಿನ ವಿಚಾರ ಕೇಳಿದರೆ ಕಲ್ಲು ನೋಡೋಣ, ಸಂಕಷ್ಟಿಯ ದಿನ ಅಜ್ಜಿ ಚಂದ್ರನನ್ನು ನೋಡಿದ ಮೇಲೇ ಯಾಕೆ ಊಟ ಮಾಡುತ್ತಾಳೆ ಅಂತ ಕೇಳಿದರೆ ಅಜ್ಜಿಯ ಹತ್ತಿರ ಕಥೆ ಕೇಳೋಣ ಅನ್ನು.

ಕಾರ್ಯಕ್ರಮ ಹುಣ್ಣಿಮೆಗೆ ಇಟ್ಟುಕೊಳ್ಳಬೇಡ. ಆವತ್ತು ಬಿಸಿಲು ನೇರ ಬೀಳುವುದರಿಂದ ನೆರಳಿರುವುದಿಲ್ಲ, ಕುಳಿಗಳು ಎದ್ದು ಕಾಣುವುದಿಲ್ಲ. ಶುದ್ಧ ಅಷ್ಟಮಿ ಒಳ್ಳೆಯದು, ಸಂಜೆಗೆ ಚಂದ್ರ ನೆತ್ತಿಯ ಹತ್ತಿರ ಇರುತ್ತಾನೆ. ಬಹುಳ ಅಷ್ಟಮಿಯಾದರೆ ಹುಟ್ಟುವುದೇ ನಡುರಾತ್ರಿ. 10×50 ಬೈನಾಕ್ಯುಲರನ್ನು ಗೋಡೆಗೋ ಕಂಬಕ್ಕೋ ಆನಿಸಿ ಹಿಡಿದು, ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ನೋಡಿಸು. ದಿನ ಗೊತ್ತಾದರೆ ಮೊದಲೇ ತಿಳಿಸು, ಬೈನಾಕ್ಯುಲರ್ ಕಳಿಸಿಕೊಡುತ್ತೇನೆ.

ನಿನ್ನ ಗೆಳೆಯ