ಹೊಸ ಆಲ್ಬಂಗಳಿಗೂ ವಿಮರ್ಶೆ ಇರಲಿ

ಮಾನ್ಯರೇ,

ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರವೇ ಸ್ಟಾರ್ ಬಿದ್ದಿರುತ್ತದೆ. ದೊಡ್ಡ ಕಂಪನಿಗಳ ಹಂಗಿಲ್ಲದ ತಂಡದವರ ಹೊಸ ಇಂಡೀ ರಾಕ್ ಆಲ್ಬಂ ಬಂದರೆ ಮಾತ್ರ ಸುದ್ದಿಯೇ ಇಲ್ಲ. ಬಂದರೂ ತಂಡದವರು ಕಳಿಸಿದ ಪ್ರಕಟಣೆಯನ್ನೇ ಅಚ್ಚು ಹಾಕಿರುತ್ತಾರೆ, ಯುವಕರ ಮನಗೆದ್ದ ಹಾಡುಗಳು ಅಂತ. ಬಿಡುಗಡೆಯ ದಿನವೇ ಯಾರ ಮನ ಗೆದ್ದವೋ!

ನಮಗೆ ಬೇಕಾಗಿರುವುದು ಕೂತು ಕೇಳಿ ಬರೆದ ನಾಲ್ಕು ಸಾಲು. ಡ್ರಮ್ಸ್ ಅಬ್ಬರದಲ್ಲಿ ಸಾಹಿತ್ಯ ಕೇಳುತ್ತದಾ? ತಗ್ಗು ಸ್ವರದ ಬೇಸ್ ಗಿಟಾರ್ ತನ್ನದೇ ದಾರಿ ಹಿಡಿದಿದೆಯಾ, ಸುಮ್ನೆ ಮುಖ್ಯ ರಾಗ ನುಡಿಸುವ ಲೀಡ್ ಗಿಟಾರ್ ಹಿಂದೆ ಹೊರಟಿದೆಯಾ? ಮೊಬೈಲ್ ಸ್ಪೀಕರಿನಲ್ಲಿ ಕೇಳಿದರೆ ಇದು ತಿಳಿಯುವುದಿಲ್ಲ. ಅದರಲ್ಲಿ ಬೇಸ್ ಕೇಳುವುದೇ ಕಷ್ಟ, ಒಳ್ಳೆಯ ಹೆಡ್‌ಫೋನ್ ಬೇಕು. ಮೊದಲ ಎರಡು ಹಾಡಿಗೇ ಕೈ ತೊಳೆದುಕೊಳ್ಳುವುದೂ ಬೇಡ. ಕೆಲವು ತಂಡಗಳು ಧೈರ್ಯದ ಪ್ರಯೋಗವನ್ನು ಕೊನೆಗೆ ಇಟ್ಟಿರುತ್ತವೆ.

ರಾಕ್ ನಮ್ಮದಲ್ಲ ಅನ್ನುವವರಿದ್ದಾರೆ. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲೇ ಶಿಶುನಾಳ ಶರೀಫರ ತತ್ವಪದ ಹಾಡಿದರಲ್ವಾ? ನಮ್ಮ ಮನೆ ಹುಡುಗರಿಗೆ ಶರೀಫರ ಪದ ಬಾಯಿಗೆ ಬಂದಿದ್ದೇ ಅದರಿಂದ. ಆ ಪದಗಳಿಗೆ ಗಿಟಾರ್ ಒಪ್ಪಿದೆಯೋ ಇಲ್ಲವೋ ಹೇಳಲು ಭಜನಾ ಮೇಳ ಕೇಳುತ್ತ ಬೆಳೆದ ನಮ್ಮ ಭಾಗದ ಕಿವಿಗಿಂತ ಬೇರೆ ಬೇಕಾ?

ಇಲ್ಲಿ ಟಿಳಕವಾಡಿಯಲ್ಲಿ ಪಕ್ಕದ ಮನೆ ಹುಡುಗರು ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆಗೆ ಗಾದಿ ಆನಿಸಿ ಪ್ರಾಕ್ಟೀಸ್ ಮಾಡುತ್ತಾರೆ. (ಸದ್ದು ಬಂದೇ ಬರುತ್ತದೆ.) ಅವರಿಗೆ ಹೊಗಳಿಕೆ ಜಾಸ್ತಿ ಬೇಕಿಲ್ಲ. ಎರಡನೇ ಹಾಡು ಎಳೆದಂತಿದೆ ಅಂತ ಗೊತ್ತಿದ್ದವರೊಬ್ಬರು ಹೇಳಿದರೆ ಸಾಕು.

ವಾರಕ್ಕೆ ಅರ್ಧ ಕಾಲಂ ಕೊಡಿ. ರಾಶಿಭವಿಷ್ಯದ ಪಕ್ಕವಾದರೂ ಸರಿ.

– ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ